ಮಂತ್ರ, ಮನೆಜಗಳ, ಕೊಲೆಯ ಪತ್ತೆ ಮೂರೂ ಇರುವ ನಗೆ ಕಾದಂಬರಿಗಳಲ್ಲಿ ಯಾವುದನ್ನು ಮೊದಲು ಓದಬೇಕು?

ಇಂದಿನ ನಗರದಲ್ಲೇ ನಡೆಯುವ, ಮಂತ್ರವಿದ್ಯೆಯೂ ಮನೆಮಂದಿಯೂ ಪತ್ತೇದಾರಿಕೆಯೂ ಬೆರೆತ, ಓದುವಾಗ ನಗು ಬರಿಸುವ ಇಂಗ್ಲಿಷ್ ಕಾದಂಬರಿಗಳನ್ನು ಎಲ್ಲಿಂದ ಆರಂಭಿಸಬೇಕು, ಲಂಡನ್ ಕಂಡಿರದ ನಮ್ಮ ಭಾಗದವರಿಗೆ ಅವು ಹಿಡಿಸುತ್ತವೆಯೇ, ಹದಿಮೂರರ ಮಗಳ ಜೊತೆ ಕುಳಿತು ಓದಬಹುದೇ ಎಂದು ಕೇಳಿದ್ದೀರಿ. ನಾನು ಬೀದರಿನ ಹಳೆಯ ಊರಿನಲ್ಲಿ, ಚೌಬಾರಾ ಎಂಬ ಹಳೆಯ ಗೋಪುರದ ಸಮೀಪ ಬೆಳೆದವನು. ಲಂಡನ್ನನ್ನು ನಾನೂ ಕಂಡಿಲ್ಲ. ಆದರೂ ಈ ಬಗೆಯ ಪುಸ್ತಕಗಳನ್ನು ಓದುವಾಗ ನನಗೆ ಪರಕೀಯವೆನಿಸಿದ್ದು ತೀರ ಕಡಿಮೆ. ಡಯಾನಾ ವಿನ್ ಜೋನ್ಸ್ ಅವರ ‘ಆರ್ಚರ್ಸ್ ಗೂನ್’ ಕಾದಂಬರಿಯನ್ನು ಮೊದಲು ಓದಿ, ಆಮೇಲೆ ಬೆನ್ ಆರನೋವಿಚ್ ಅವರ ‘ರಿವರ್ಸ್ ಆಫ್ ಲಂಡನ್’ ಸರಣಿಗೆ ಬನ್ನಿ ಎಂಬುದು ನನ್ನ ಉತ್ತರ.

‘ಆರ್ಚರ್ಸ್ ಗೂನ್’ 1984ರಲ್ಲಿ ಬಂದದ್ದು. ಹೋವರ್ಡ್ ಎಂಬ ಹುಡುಗ ಶಾಲೆಯಿಂದ ಮನೆಗೆ ಬಂದರೆ ಅಡುಗೆಮನೆಯಲ್ಲಿ ಒಬ್ಬ ಭಾರೀ ಆಳು ಕಾಲು ಚಾಚಿ ಕುಳಿತಿದ್ದಾನೆ. ಹುಡುಗನ ತಂದೆಯಿಂದ ಎರಡು ಸಾವಿರ ಬರಬೇಕು, ಪಡೆಯದೆ ಏಳುವುದಿಲ್ಲ ಎನ್ನುತ್ತಾನೆ. ಬರಬೇಕಾದದ್ದು ಹಣವಲ್ಲ, ಪದಗಳು. ಲೇಖಕನಾದ ತಂದೆ ಮೂರು ತಿಂಗಳಿಗೊಮ್ಮೆ ಎರಡು ಸಾವಿರ ಪದಗಳಷ್ಟು ಏನನ್ನಾದರೂ ಬರೆದು ನಗರಸಭೆಯ ಅಧಿಕಾರಿಯೊಬ್ಬನಿಗೆ ಒಪ್ಪಿಸುತ್ತ ಬಂದಿದ್ದಾನೆ. ಅದು ಯಾರಿಗೆ, ಯಾಕೆ ಬೇಕೆಂಬುದೇ ಕಾದಂಬರಿಯ ಒಗಟು. ಕೆದಕುತ್ತ ಹೋದಂತೆ, ಆ ಊರನ್ನು ಗುಟ್ಟಾಗಿ ಆಳುತ್ತಿರುವವರು ಏಳು ಮಂದಿ ಮಾಂತ್ರಿಕ ಒಡಹುಟ್ಟಿದವರು ಎಂದು ತಿಳಿಯುತ್ತದೆ. ಊರನ್ನು ಅವರು ಓಣಿ ಓಣಿಯಾಗಿ ಹಂಚಿಕೊಂಡಿಲ್ಲ. ವಿದ್ಯುತ್ತು ಮತ್ತು ಬ್ಯಾಂಕು ಒಬ್ಬನಿಗೆ, ಪೊಲೀಸು ಒಬ್ಬಳಿಗೆ, ಕಳ್ಳತನ ದರೋಡೆಗಳು ಇನ್ನೊಬ್ಬಳಿಗೆ, ರಸ್ತೆಗಳು ಒಬ್ಬನಿಗೆ, ಚರಂಡಿ ಮತ್ತೊಬ್ಬನಿಗೆ, ಹೀಗೆ ಇಲಾಖೆಗಳನ್ನೇ ಪಾಲು ಮಾಡಿಕೊಂಡಿದ್ದಾರೆ. ತಂದೆ ಇನ್ನು ಬರೆಯುವುದಿಲ್ಲ ಎಂದು ಹಟ ಹಿಡಿದಾಗ ಇವರು ಸಿಡಿಲು ಹೊಡೆಸುವುದಿಲ್ಲ, ಶಾಪ ಕೊಡುವುದಿಲ್ಲ; ಮನೆಯ ಕರೆಂಟು ಹೋಗುತ್ತದೆ, ಮನೆಯೆದುರಿನ ರಸ್ತೆಯನ್ನು ಅಗೆದು ಹಾಕಲಾಗುತ್ತದೆ.

ಇದನ್ನು ಓದುವಾಗ ನನಗೆ ನಮ್ಮ ಮನೆಯ ಪಾಲಿನ ನೆನಪಾಗಿ ನಗು ತಡೆಯಲಾಗಲಿಲ್ಲ. ಮುತ್ಯಾ ತೀರಿಕೊಂಡ ಮೇಲೆ ನಮ್ಮ ಹಳೆಯ ಮನೆ ನಾಲ್ವರು ಅಣ್ಣತಮ್ಮಂದಿರ ನಡುವೆ ಹಂಚಿಕೆಯಾದಾಗ, ಮಾಳಿಗೆ ನಮ್ಮಪ್ಪನ ಪಾಲಿಗೆ ಬಂತು, ಮಾಳಿಗೆ ಹತ್ತುವ ಮೆಟ್ಟಿಲು ಸಣ್ಣ ಕಾಕಾನ ಪಾಲಿಗೆ ಹೋಯಿತು. ಬೇಸಿಗೆ ಬಂದರೆ ಅವ್ವ ಶಾವಿಗೆ ಒಣಹಾಕಲು ಕಾಕಾನ ಒಪ್ಪಿಗೆಗಾಗಿ ಕಾಯಬೇಕಾಗುತ್ತಿತ್ತು. ಮಾತು ಬಿಟ್ಟ ವರ್ಷ ಹೊರಗಡೆಯಿಂದ ಬಿದಿರಿನ ಏಣಿ ಇಟ್ಟು ಹತ್ತಿದ್ದೂ ಉಂಟು. ಆ ಏಣಿ ಊರಿದ ನೆಲ ದೊಡ್ಡಪ್ಪನದೆಂದು ಮತ್ತೊಂದು ತಕರಾರು ಎದ್ದದ್ದು ಬೇರೆ ಮಾತು. ಇಂತಹ ಮನೆಯಲ್ಲಿ ಬೆಳೆದವನಿಗೆ, ಚರಂಡಿಯನ್ನು ಒಬ್ಬ ತಮ್ಮ ಆಳುತ್ತಾನೆ, ರಸ್ತೆಯನ್ನು ಇನ್ನೊಬ್ಬ ಆಳುತ್ತಾನೆ ಎಂದರೆ ಅದು ಕಲ್ಪನೆಯೆನಿಸುವುದೇ ಇಲ್ಲ. ಈ ಬಗೆಯ ಕಾದಂಬರಿಗಳಲ್ಲಿ ನಗು ಹುಟ್ಟುವುದು ಮಂತ್ರದಿಂದಲ್ಲ. ಅಷ್ಟು ದೊಡ್ಡ ಶಕ್ತಿ ಕೈಯಲ್ಲಿದ್ದೂ ಅದನ್ನು ಪಾಲು, ಬಾಕಿ, ಹಗೆ, ಮುನಿಸುಗಳಿಗೆ ಖರ್ಚು ಮಾಡುವ ಮನೆಮಂದಿಯಿಂದ.

‘ರಿವರ್ಸ್ ಆಫ್ ಲಂಡನ್’ 2011ರಲ್ಲಿ ಆರಂಭವಾದ ಸರಣಿ; ಅಮೆರಿಕದಲ್ಲಿ ಮೊದಲ ಪುಸ್ತಕ ‘ಮಿಡ್‌ನೈಟ್ ರಾಯಟ್’ ಎಂಬ ಹೆಸರಿನಲ್ಲಿ ಬಂದಿದೆ, ಎರಡನ್ನೂ ಬೇರೆ ಬೇರೆ ಎಂದುಕೊಂಡು ಕೊಂಡುಬಿಡಬೇಡಿ. ಪೀಟರ್ ಗ್ರಾಂಟ್ ಎಂಬ ಹೊಸ ಕಾನ್‌ಸ್ಟೇಬಲ್ ಕೋವೆಂಟ್ ಗಾರ್ಡನ್‌ನಲ್ಲಿ ಕೊಲೆ ನಡೆದ ಸ್ಥಳವನ್ನು ರಾತ್ರಿ ಕಾಯುತ್ತಿರುವಾಗ ಸಾಕ್ಷಿದಾರನೊಬ್ಬ ಎದುರಾಗುತ್ತಾನೆ. ಸಾಕ್ಷಿ ಹೇಳುವವನು ದೆವ್ವ. ಓಡುವ ಬದಲು ಪೀಟರ್ ಕರ್ತವ್ಯನಿಷ್ಠೆಯಿಂದ ಹೇಳಿಕೆ ಪಡೆಯಲು ನಿಲ್ಲುತ್ತಾನೆ. ಮುಂದೆ ಆತ ಪೊಲೀಸ್ ಇಲಾಖೆಯೊಳಗೇ ಇರುವ ಕೊನೆಯ ಮಾಂತ್ರಿಕನ ಶಿಷ್ಯನಾಗುತ್ತಾನೆ. ಅಲ್ಲಿ ಮಂತ್ರವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವನು ಐಸಾಕ್ ನ್ಯೂಟನ್, ಆದ್ದರಿಂದ ಶಿಷ್ಯನಿಗೆ ಲ್ಯಾಟಿನ್ ಪಾಠವೂ ಕಡ್ಡಾಯ.

ಮಂತ್ರವಿರುವ ಕಡೆ ಪತ್ತೇದಾರಿಕೆ ಹೇಗೆ ನಿಲ್ಲುತ್ತದೆ ಎಂಬ ಅನುಮಾನ ನಿಮಗೂ ಬರಬಹುದು, ಏಕೆಂದರೆ ಅಂಜನ ಹಾಕಿ ಕಳ್ಳನನ್ನು ಕಾಣುವಂತಿದ್ದರೆ ತನಿಖೆ ಯಾಕೆ? ಆರನೋವಿಚ್ ಇದಕ್ಕೆ ಮಾಡಿದ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾದದ್ದು. ಮಂತ್ರ ಹಾಕಿದರೆ ಹತ್ತಿರದ ಮೊಬೈಲಿನ ಚಿಪ್ ಪುಡಿಪುಡಿಯಾಗುತ್ತದೆ. ಅತಿಯಾಗಿ ಹಾಕಿದರೆ ಮಾಂತ್ರಿಕನ ಮಿದುಳೇ ಕೆಡುತ್ತದೆ. ಪೀಟರ್ ಒಂದೆರಡು ಫೋನು ಕಳೆದುಕೊಂಡ ಮೇಲೆ, ಬ್ಯಾಟರಿಯ ಸಂಪರ್ಕವನ್ನೇ ಕಡಿಯುವ ಸ್ವಿಚ್ಚನ್ನು ಫೋನಿಗೆ ಕೂಡಿಸಿಕೊಳ್ಳುತ್ತಾನೆ. ಶಕ್ತಿಗೆ ಬೆಲೆ ಕಟ್ಟಿದ ಕೂಡಲೇ ಉಳಿದ ಕೆಲಸವೆಲ್ಲ ಕಾಲ್ನಡಿಗೆಗೆ, ಕಡತಕ್ಕೆ, ಸಿಸಿಟಿವಿಗೆ ಬೀಳುತ್ತದೆ. ಒಗಟೂ ಉಳಿಯುತ್ತದೆ, ನಗೆಯೂ ಉಳಿಯುತ್ತದೆ.

ಕುಟುಂಬದ ಭಾಗವಂತೂ ಇನ್ನೂ ಸೊಗಸು. ಥೇಮ್ಸ್ ನದಿಗೆ ಇಬ್ಬರು ಒಡೆಯರು. ಸಮುದ್ರದ ಭರತ ಇಳಿತ ತಲುಪುವ ಟೆಡಿಂಗ್‌ಟನ್‌ವರೆಗಿನ ಕೆಳಹರಿವು ನೈಜೀರಿಯಾದಿಂದ ಬಂದ ಮಾಮಾ ಥೇಮ್ಸ್‌ಳದು. ಮೇಲಿನದು ಮುದುಕ ಫಾದರ್ ಥೇಮ್ಸ್‌ನದು. ಇವಳ ಹೆಣ್ಣುಮಕ್ಕಳು ಫ್ಲೀಟ್, ಟೈಬರ್ನ್, ಎಫ್ರಾ ಮುಂತಾದವರು. ಇವೆಲ್ಲ ಲಂಡನ್ನಿನ ನಿಜವಾದ ತೊರೆಗಳು, ಈಗ ರಸ್ತೆಗಳಡಿಯ ಕೊಳವೆಗಳಲ್ಲಿ, ಮೋರಿಗಳಲ್ಲಿ ಹರಿಯುವಂಥವು. ಗುರು ತನ್ನ ಶಿಷ್ಯನಿಗೆ ಮೊದಲೇ ಎಚ್ಚರಿಸುತ್ತಾನೆ: ಆ ಮನೆಯಲ್ಲಿ ಕೊಟ್ಟದ್ದನ್ನು ಸುಮ್ಮನೆ ತಿನ್ನಬೇಡ, ಕುಡಿಯಬೇಡ, ಋಣ ಬೀಳುತ್ತದೆ. ಉಂಡ ಮನೆಯ ಉಪ್ಪಿನ ಋಣದ ಮಾತು ಕೇಳುತ್ತ ಬೆಳೆದ ನಮಗೆ ಈ ಪ್ರಸಂಗಕ್ಕೆ ಅಡಿಟಿಪ್ಪಣಿ ಬೇಕಿಲ್ಲ. ಇನ್ನು ನೆಲದಡಿಯ ನೀರೇ? ನಮ್ಮ ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆಯಲ್ಲ, ನಾವು ಸುರಂಗ ಬಾವಿ ಎನ್ನುವುದು, ಕೆಂಪು ಮುರಕಲ್ಲಿನೊಳಗೆ ಕೊರೆದ ಕಾಲುವೆ, ಗಾಳಿ ಬೆಳಕಿಗೆಂದು ಅಲ್ಲಲ್ಲಿ ಮೇಲಕ್ಕೆ ತೆರೆದ ಬಾಯಿಗಳು. ಈಚಿನ ವರ್ಷಗಳಲ್ಲಿ ಹೂಳೆತ್ತುವವರೆಗೆ ಅದರ ಮೇಲೆಯೇ ಓಡಾಡಿದ ಎಷ್ಟೋ ಮಂದಿಗೆ ಅಡಿಯಲ್ಲಿ ನೀರಿದೆಯೆಂಬ ಕಲ್ಪನೆಯೇ ಇರಲಿಲ್ಲ. ಅಂತಹ ಬಾಯಿಯೊಂದರ ಅಂಚಿನಲ್ಲಿ ನಿಂತು ಕೆಳಗೆ ಇಣುಕಿದವರಿಗೆ, ಫ್ಲೀಟ್ ಎಂಬ ತೊರೆ ಹೆಣ್ಣಾಗಿ ಬಂದು ಮಾತಾಡಿದರೆ ನಂಬಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಹಿಡಿಸುತ್ತವೆಯೇ ಎಂಬ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಶಾಲೆಯಲ್ಲಿ ಕಲಿತ ನಮ್ಮ ಮುತ್ಯಾ ಅಮೀರ್ ಹಂಜಾನ ದಾಸ್ತಾನಿನ, ಅಂದರೆ ಉರ್ದುವಿನ ಉದ್ದನೆಯ ಸಾಹಸಕಥೆಯ, ಪ್ರಸಂಗಗಳನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅದರಲ್ಲಿ ಬರುವ ಅಮರ್ ಅಯ್ಯಾರ್ ಮಹಾ ಜಿಪುಣ, ಮಹಾ ಮೋಸಗಾರ. ಅವನ ಜಂಬೀಲ್ ಎಂಬ ಚೀಲದಲ್ಲಿ ಊರಿಗೆ ಊರೇ ಹಿಡಿಸುತ್ತದೆ. ತಿಲಿಸ್ಮಿನ ಮಾಯಾಲೋಕವನ್ನು ಒಡೆಯಲು ಹೊರಟ ವೀರರ ನಡುವೆ ಇವನ ಲಕ್ಷ್ಯವೆಲ್ಲ ಬಿದ್ದ ಒಡವೆ ಆಯುವುದರ ಮೇಲೆ. ಮಾಯೆ ಮತ್ತು ಹಾಸ್ಯ ಒಂದೇ ಪಂಕ್ತಿಯಲ್ಲಿ ಉಣ್ಣಬಾರದೆಂಬ ಮಡಿ ನಮ್ಮ ಭಾಗದ ಕಥೆಗಾರರಿಗೆ ಎಂದೂ ಇರಲಿಲ್ಲ.

ಬಹಳ ಜನ ಹೆಸರಿಸುವ ಜಿಮ್ ಬುಚರ್ ಅವರ ‘ಡ್ರೆಸ್ಡೆನ್ ಫೈಲ್ಸ್’ ಬಗ್ಗೆ ಎರಡೇ ಮಾತು. 2000ದಲ್ಲಿ ಆರಂಭವಾದ ಈ ಸರಣಿಯ ನಾಯಕ ಶಿಕಾಗೋದ ಬಾಡಿಗೆ ಪತ್ತೇದಾರ ಹಾಗೂ ಮಾಂತ್ರಿಕ. ತಲೆಬುರುಡೆಯಲ್ಲಿ ವಾಸಿಸುವ, ಪ್ರಣಯ ಕಾದಂಬರಿಗಳ ಲಂಚ ಕೇಳುವ ಅವನ ಸಹಾಯಕ ಆತ್ಮ ಬಾಬ್ ಚೆನ್ನಾಗಿ ನಗಿಸುತ್ತದೆ. ಆದರೆ ಮೊದಲೆರಡು ಪುಸ್ತಕಗಳು ನನಗೆ ಒರಟೆನಿಸಿದವು, ಹೆಣ್ಣುಗಳನ್ನು ವರ್ಣಿಸುವ ರೀತಿ ಬೇಸರ ತರಿಸಿತು, ಕುಟುಂಬದ ಎಳೆ ಬಿಗಿಯಾಗುವುದು ಎಷ್ಟೋ ಮುಂದೆ. ಅಷ್ಟು ತಾಳ್ಮೆಯಿದ್ದರೆ ಮಾತ್ರ ಕೈಹಾಕಿ.

ಮಗಳ ವಿಚಾರ: ‘ಆರ್ಚರ್ಸ್ ಗೂನ್’ ಅವಳಿಗಾಗಿಯೇ ಬರೆದಂತಿದೆ. ಹೋವರ್ಡ್‌ಗೂ ಅವಳದೇ ವಯಸ್ಸು, ಮನೆಯಲ್ಲಿ ಎಲ್ಲರೂ ಆಫುಲ್ ಎಂದೇ ಕರೆಯುವ ಅವನ ತಂಗಿಯ ಕಿರುಚಾಟವಂತೂ ನಿಮ್ಮ ಮನೆಯಲ್ಲೂ ಕೆಲವು ದಿನ ಅನುಕರಣೆಯಾದೀತು. ಭಾಷೆ ಸರಳ, ಆದರೆ ಕಥೆಯ ಗಂಟು ಬಿಗಿಯಾದದ್ದು. ಕೊನೆಯ ಅಧ್ಯಾಯಗಳನ್ನು ಇಬ್ಬರೂ ಎರಡೆರಡು ಸಲ ಓದಬೇಕಾಗಬಹುದು. ‘ರಿವರ್ಸ್ ಆಫ್ ಲಂಡನ್’ ಮೊದಲ ಪುಸ್ತಕದಲ್ಲಿ ರುಂಡ ಹಾರುತ್ತದೆ, ಪೊಲೀಸರ ಬೈಗುಳವಿದೆ, ಒಂದು ಕೂಸಿನ ಸಾವೂ ಇದೆ. ಅದನ್ನು ಸದ್ಯಕ್ಕೆ ನೀವೊಬ್ಬರೇ ಓದಿ, ಮೇಲಿನ ಕಪಾಟಿನಲ್ಲಿಡಿ.