ಚರ್ಚಿನಲ್ಲಿ ಸ್ನೇಹಿತರೇ ಇಲ್ಲದಿದ್ದರೆ ಮನೆಯಲ್ಲೇ ಪ್ರಾರ್ಥನೆ ಮಾಡಿದರೆ ಸಾಲದಾ?

ಶಿವಮೊಗ್ಗಕ್ಕೆ ಹೊಸದಾಗಿ ಬಂದಿದ್ದೇನೆ, ಪೂಜೆ ಮುಗಿದ ಕೂಡಲೇ ಒಬ್ಬನೇ ರೂಮಿಗೆ ವಾಪಸ್ ಬರುತ್ತೇನೆ ಅಂತ ಬರೆದಿದ್ದೀರಿ. ಮನೆಯ ಪ್ರಾರ್ಥನೆ ಸಾಕು ಅಂತ ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ.

ನಮ್ಮದು ತೀರ್ಥಹಳ್ಳಿ ಕಡೆ ಸಣ್ಣ ಅಡಿಕೆ ತೋಟ. ಒಂದು ವರ್ಷ ಸರಿಯಾಗಿ ಕೊಯ್ಲಿನ ಹೊತ್ತಿಗೆ ಸಂಕದ (ಕಾಲುಸೇತುವೆಯ) ಮೇಲೆ ಜಾರಿ ಕಾಲು ಮುರಿದುಕೊಂಡೆ. ಅಂಗಳದಲ್ಲಿ ಆಗಲೇ ಹಸಿ ಅಡಿಕೆ ರಾಶಿ ಬಿದ್ದಿತ್ತು. ಅದು ನಮ್ಮ ಕಾಲು ವಾಸಿಯಾಗಲಿ ಅಂತ ಕಾಯುವುದಿಲ್ಲ. ಬೇಗ ಸುಲಿದು ಬೇಯಿಸದಿದ್ದರೆ ಕೆಡುತ್ತದೆ.

ಅವತ್ತು ಸಂಜೆ ನಮ್ಮ ಚರ್ಚಿನ ವಾರ್ಡಿನ, ಅಂದರೆ ಅಕ್ಕಪಕ್ಕದ ಮನೆಗಳ ಗುಂಪಿನ, ಏಳೆಂಟು ಜನ ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಿಡಿದುಕೊಂಡು ಬಂದರು. ಮೂರು ರಾತ್ರಿ ಸುಲಿದರು. ಹಂಡೆ ಕೊಟ್ಟಿದ್ದು ಪಕ್ಕದ ಮನೆಯವರು, ಅವರಿಗೂ ಚರ್ಚಿಗೂ ಸಂಬಂಧವೇ ಇಲ್ಲ, ಅದನ್ನೂ ಹೇಳಬೇಕು. ನನಗೋ ವಿಪರೀತ ಸಂಕೋಚ. "ಮುಯ್ಯಾಳು ಲೆಕ್ಕ ಬರೆದಿಡ್ತೀನಿ ಅಜ್ಜಿ, ಕಾಲು ಸರಿಯಾದ ಮೇಲೆ ತೀರಿಸ್ತೀನಿ" ಅಂತ ಬಂದವರಲ್ಲಿದ್ದ ಒಬ್ಬ ಅಜ್ಜಿಗೆ ಅಂದೆ. ಮುಯ್ಯಾಳು ಅಂದರೆ ಅವರು ನಮ್ಮಲ್ಲಿ ಮಾಡಿದ ಕೆಲಸವನ್ನು ನಾವು ಅವರಲ್ಲಿ ಮಾಡಿ ತೀರಿಸುವುದು.

"ಬರ್ಕೋ ಮಾರಾಯ. ಆದ್ರೆ ನಮ್ಮನೇಲಿ ತೋಟಾನೇ ಇಲ್ವಲ್ಲ!" ಅಂತ ಅಜ್ಜಿ ನಕ್ಕರು.

ಒಲೆ ಮುಂದೆ ಕೂತವನು, ಹಬ್ಬದ ಲೆಕ್ಕದ ವಿಷಯಕ್ಕೆ ಜಗಳವಾಡಿ ನನ್ನ ಜೊತೆ ಎರಡು ವರ್ಷ ಮಾತು ಬಿಟ್ಟವನು. ಆಗಲೂ ಅವನು ಜಾಸ್ತಿ ಮಾತಾಡಲಿಲ್ಲ. ಈಗಲೂ ನಾವು ಭಾರೀ ಆಪ್ತರೇನಲ್ಲ, ಆದರೆ ಒಂದೇ ಬೆಂಚಿನಲ್ಲಿ ಕೂರುತ್ತೇವೆ.

ಆ ಮೂರು ರಾತ್ರಿ ನಾನು ಪ್ರಾರ್ಥನೆ ಮಾಡಲೇ ಇಲ್ಲ. ನೋವು, ಸಿಟ್ಟು. ಅವರು ಸುಲಿಯುತ್ತಲೇ ಜಪಸರ ಹೇಳಿದರು, ನಾನು ಸುಮ್ನೆ ಕೇಳುತ್ತಾ ಮಲಗಿದ್ದೆ. ಬೈಬಲಿನಲ್ಲಿ ಮಾರ್ಕನ ಶುಭಸಂದೇಶದ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದು, ಚಾವಣಿ ಬಿಚ್ಚಿ ಇಳಿಸುತ್ತಾರಲ್ಲ, ಅಲ್ಲಿ ಯೇಸು ನೋಡಿದ್ದು 'ಅವರ' ವಿಶ್ವಾಸವನ್ನು ಅಂತ ಇದೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅಲ್ಲೇ ಇದೆ. ಮನೆಯಲ್ಲೇ ಪ್ರಾರ್ಥನೆ ಮಾಡಬಹುದು, ಮಾಡಲಾಗದ ದಿನ ಯಾರಾದರೂ ಹೊರಬೇಕು.

ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದು ಕಷ್ಟ. ಯೋಹಾನನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಶಿಷ್ಯ ಪೇತ್ರನೂ ಯೇಸುವಿನಿಂದ ಕಾಲು ತೊಳೆಸಿಕೊಳ್ಳಲು ಒಪ್ಪುವುದಿಲ್ಲ. ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅಂತ ಯೇಸು ಅಂದ ಮೇಲೇ ಪೇತ್ರ ಕಾಲು ಚಾಚಿದ್ದು. ಅದೇ ರಾತ್ರಿ ಸ್ವಲ್ಪ ಹೊತ್ತಿನ ನಂತರ, 15ನೇ ಅಧ್ಯಾಯದಲ್ಲಿ, ಇನ್ನು ನೀವು ಆಳುಗಳಲ್ಲ, ಸ್ನೇಹಿತರು ಅನ್ನುತ್ತಾನೆ ಯೇಸು. ಮೊದಲು ಕಾಲು, ಆಮೇಲೆ ಸ್ನೇಹ.

ನೀವು ಹೋಗುವುದು ಸೇಕ್ರೆಡ್ ಹಾರ್ಟ್ ಕೆಥೆಡ್ರಲ್‌ಗೆ ಅಂದಿರಿ. ಅಷ್ಟು ದೊಡ್ಡ ಚರ್ಚಿನಲ್ಲಿ ಕಳೆದುಹೋಗುವುದು ಸುಲಭ. ಹೊಸಬರನ್ನು ತಾವಾಗಿ ಮಾತಾಡಿಸದಿರುವುದು ನಮ್ಮವರ ತಪ್ಪೇ, ಒಪ್ಪುತ್ತೇನೆ. ಮುಂದಿನ ಭಾನುವಾರ ಒಂದು ಹತ್ತು ನಿಮಿಷ ಹೊರಗೆ ನಿಲ್ಲಿ. ನಿಮ್ಮ ರೂಮು ಯಾವ ವಾರ್ಡಿಗೆ ಬರುತ್ತದೆ, ಅಲ್ಲಿನ ಗುರಿಕಾರರು (ವಾರ್ಡಿನ ಮುಖಂಡರು) ಯಾರು ಅಂತ ಕೇಳಿ. ಏನಾದರೂ ಸೇವೆ ಮಾಡ್ಲಾ ಅಂತ ಆಮೇಲೆ ಕೇಳಿದರಾಯಿತು. ಮೊದಲು ನೀವೇ ಒಂದು ಸಣ್ಣ ಉಪಕಾರ ಕೇಳಿ: ಬಸ್‌ಸ್ಟ್ಯಾಂಡ್‌ವರೆಗೆ ಬೈಕಲ್ಲಿ ಬಿಡ್ತೀರಾ, ಅಂತ.