ಸುಸು ಪಾಟಿಯಲ್ಲಿ, ಕಕ್ಕ ಮಾತ್ರ ಡೈಪರ್‌ನಲ್ಲೇ!

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 2 ವರ್ಷ 10 ತಿಂಗಳು. ನಾಲ್ಕು ತಿಂಗಳ ಹಿಂದೆ ಪಾಟಿ ಅಭ್ಯಾಸ ಶುರು ಮಾಡಿದೆವು. ಸುಸು ಒಂದೆರಡು ವಾರದಲ್ಲೇ ಕಲಿತ. ಕಕ್ಕ ಬಂದರೆ ಮಾತ್ರ ‘ಡೈಪರ್ ಹಾಕು’ ಅಂತ ಓಡಿ ಬರುತ್ತಾನೆ. ಹಾಕಿದ ಕೂಡಲೇ ಸೋಫಾ ಹಿಂದೆ ಹೋಗಿ, ಕುಕ್ಕರಗಾಲಲ್ಲಿ ಕೂತು ಮುಗಿಸುತ್ತಾನೆ. ಕಳೆದ ತಿಂಗಳು ಮನಸ್ಸು ಗಟ್ಟಿ ಮಾಡಿ ಡೈಪರ್ ಕೊಡಲಿಲ್ಲ. ಮೂರು ದಿನ ಹೋಗಲೇ ಇಲ್ಲ. ನಾಲ್ಕನೇ ದಿನ ಕಿರುಚಾಡುತ್ತಾ ಹೋದ. ಕಲ್ಲಿನಂಥ ಕಕ್ಕ, ಮೇಲೆ ಒಂದು ಗೆರೆ ರಕ್ತ. ಆಮೇಲೆ ಪಾಟಿ ಕಂಡರೇ ಅಳು. ಈಗ ಡೈಪರ್ ಹಾಕಿದರೂ ಎರಡು ಮೂರು ದಿನ ತಡೆದಿಟ್ಟುಕೊಳ್ಳುತ್ತಾನೆ. ಒಂದು ವಾರದಿಂದ ಚಡ್ಡಿಯಲ್ಲಿ ನೀರು ನೀರಾಗಿ ಕಲೆ ಬೇರೆ. ಭೇದಿ ಆಗಿದೆಯಾ? ‘ನನ್ನ ಮಕ್ಕಳು ಒಂದು ವರ್ಷಕ್ಕೇ ಕಲಿತಿದ್ದರು’ ಅಂತಾರೆ ಅತ್ತೆ. ಎರಡು ತಿಂಗಳಲ್ಲಿ ಪ್ಲೇ ಸ್ಕೂಲ್‌ಗೆ ಸೇರಿಸಬೇಕು. ಏನು ಮಾಡಲಿ?

ಉತ್ತರ: ಮೊದಲು ಡೈಪರ್ ವಾಪಸ್ ಕೊಡಿ. ಇವತ್ತೇ. ಅವನು ಕೇಳಿದಾಗಲೆಲ್ಲ, ಮುಖ ಗಂಟಿಕ್ಕದೆ.

ಇದು ಸೋಲು ಅಂತ ಅನಿಸಬಹುದು. ಆದರೆ ನಿಮ್ಮ ಮಗನ ಈಗಿನ ತೊಂದರೆ ಪಾಟಿಯದಲ್ಲ, ನೋವಿನದು. ಒಮ್ಮೆ ಗಟ್ಟಿ ಕಕ್ಕ ಬಂದು ಗುದದ್ವಾರ ಸ್ವಲ್ಪ ಸೀಳಿದರೆ ಸಾಕು, ‘ಕಕ್ಕ ಅಂದರೆ ನೋವು’ ಅಂತ ಮಗು ಲೆಕ್ಕ ಹಾಕಿಬಿಡುತ್ತದೆ. ಮುಂದಿನ ಸಲ ಬಂದಾಗ ಕಾಲು ಬಿಗಿಹಿಡಿದು, ತುದಿಗಾಲಲ್ಲಿ ನಿಂತು, ಮುಖ ಕೆಂಪಗೆ ಮಾಡಿಕೊಂಡು ತಡೆಯುತ್ತದೆ. ನೋಡಿದವರಿಗೆ ಪಾಪ, ಮಗು ತಿಣುಕುತ್ತಿದೆ ಅನಿಸುತ್ತದೆ. ಅದು ತಿಣುಕುತ್ತಿರುವುದು ಹೊರಗೆ ಹಾಕಲಿಕ್ಕಲ್ಲ, ಒಳಗೇ ಇಟ್ಟುಕೊಳ್ಳಲಿಕ್ಕೆ. ಒಳಗೆ ಉಳಿದಷ್ಟೂ ಕರುಳು ನೀರನ್ನು ಹೀರುತ್ತದೆ. ಕಕ್ಕ ಇನ್ನೂ ಗಟ್ಟಿ, ಇನ್ನೂ ದಪ್ಪ. ಮುಂದಿನ ಸಲ ಇನ್ನೂ ನೋವು.

ಚಡ್ಡಿಯ ಕಲೆ ಹೆಚ್ಚಾಗಿ ಭೇದಿಯಲ್ಲ. ಕೆಳಗೆ ಗಟ್ಟಿ ಗಡ್ಡೆ ಕಟ್ಟಿಕೊಂಡಾಗ ಮೇಲಿನ ತೆಳು ಮಲ ಅದರ ಪಕ್ಕದಿಂದ ಸೋರುತ್ತದೆ. ಕರುಳಿನ ಕೊನೆಯ ಭಾಗ ಹಿಗ್ಗಿ ಹೋಗಿರುವುದರಿಂದ ಮಗುವಿಗೆ ಅದು ಗೊತ್ತೂ ಆಗುವುದಿಲ್ಲ. ಹಾಗಾಗಿ ‘ಬೇಕಂತಲೇ ಚಡ್ಡಿ ಗಲೀಜು ಮಾಡ್ತಾನೆ’ ಅಂತ ಬೈಯಬೇಡಿ. ಭೇದಿ ನಿಲ್ಲುವ ಔಷಧಿಯನ್ನಂತೂ ಕೊಡಲೇಬೇಡಿ, ಕಟ್ಟಿಕೊಂಡಿರುವುದು ಇನ್ನಷ್ಟು ಕಟ್ಟುತ್ತದೆ.

ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ. ಹೊಟ್ಟೆ ಮುಟ್ಟಿ ನೋಡುತ್ತಾರೆ, ಸೀಳು ಇದೆಯಾ ಅಂತ ಪರೀಕ್ಷಿಸುತ್ತಾರೆ. ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಅಥವಾ ಲ್ಯಾಕ್ಟುಲೋಸ್ ಬರೆಯುತ್ತಾರೆ. ಇವು ಕರುಳಿನಲ್ಲಿ ನೀರು ಹಿಡಿದಿಟ್ಟು ಕಕ್ಕವನ್ನು ಮೆತ್ತಗೆ ಮಾಡುತ್ತವೆ. ಮೊದಲ ಕೆಲವು ದಿನ ಕಟ್ಟಿಕೊಂಡಿದ್ದನ್ನು ಖಾಲಿ ಮಾಡಲು ಡೋಸ್ ಜಾಸ್ತಿ ಇರಬಹುದು, ಗಾಬರಿ ಬೇಡ. ‘ಮಗುವಿಗೆ ಇದೇ ಅಭ್ಯಾಸ ಆಗಿಬಿಟ್ಟರೆ?’ ಅಂತ ನನ್ನನ್ನು ಕೇಳದ ತಂದೆತಾಯಿಯೇ ಕಡಿಮೆ. ಆಗುವುದಿಲ್ಲ. ನಾನು ನೋಡುವ ತಪ್ಪು ಬೇರೆಯೇ: ನಾಲ್ಕು ದಿನ ಸಲೀಸಾಗಿ ಹೋದ ಕೂಡಲೇ ಔಷಧಿ ನಿಲ್ಲಿಸುವುದು. ಹಿಗ್ಗಿದ ಕರುಳು ಮೊದಲಿನ ಅಳತೆಗೆ ಬರಲು, ನೋವಿನ ನೆನಪು ಅಳಿಯಲು ಸಮಯ ಬೇಕು. ಕನಿಷ್ಠ ಎರಡು ತಿಂಗಳು ಅಂತ ಲೆಕ್ಕ ಇಟ್ಟುಕೊಳ್ಳಿ. ನಿಲ್ಲಿಸುವಾಗಲೂ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಿ. ಜೊತೆಗೆ ನೀರು, ಹಣ್ಣು, ತರಕಾರಿ ಇರಲಿ. ಹಾಲು ಅತಿಯಾಗಿದ್ದರೆ ಕಡಿಮೆ ಮಾಡಿ.

ಹುಟ್ಟಿದಾಗಿನಿಂದಲೇ ಮಲಬದ್ಧತೆ ಇದ್ದರೆ, ಹೊಟ್ಟೆ ಉಬ್ಬಿಕೊಂಡು ವಾಂತಿ ಆದರೆ, ತೂಕ ಏರದಿದ್ದರೆ, ಕಾಲಿನಲ್ಲಿ ಬಲ ಇಲ್ಲ ಅನಿಸಿದರೆ ತಡ ಮಾಡಬೇಡಿ. ಅದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ.

ಪಾಟಿ ವಿಷಯ ಆಮೇಲೆ. ಕೆಲವು ವಾರ ದಿನಾ ಮೆತ್ತಗೆ, ನೋವಿಲ್ಲದೆ ಹೋಗಲಿ. ಅಲ್ಲಿಯವರೆಗೆ ಪಾಟಿಯ ಮಾತೇ ಎತ್ತಬೇಡಿ. ನಂತರ ಸೋಫಾ ಹಿಂದಿನ ಜಾಗವನ್ನು ಸ್ವಲ್ಪ ಸ್ವಲ್ಪವೇ ಬಚ್ಚಲುಮನೆಗೆ ಸಾಗಿಸಿ. ಮೊದಲು ಡೈಪರ್ ಹಾಕಿಕೊಂಡೇ ಬಚ್ಚಲಲ್ಲಿ ಮಾಡಲಿ. ಅದು ಸಲೀಸಾದರೆ ಡೈಪರ್ ಹಾಕಿಕೊಂಡೇ ಪಾಟಿ ಮೇಲೆ ಕೂರಲಿ. ಆಮೇಲೆ ಡೈಪರ್ ಸಡಿಲ ಮಾಡಿ, ಕೊನೆಗೆ ಪಾಟಿಯೊಳಗೆ ಹಾಸಿ. ಕೆಲವರು ಡೈಪರ್‌ಗೆ ತೂತು ಮಾಡಿ ಕೂರಿಸುತ್ತಾರೆ. ನಗು ಬರಬಹುದು, ಆದರೆ ಕೆಲಸ ಮಾಡುತ್ತದೆ. ಒಂದು ಮೆಟ್ಟಿಲಿನಲ್ಲಿ ಅಳು ಬಂತಾ, ಹಿಂದಿನ ಮೆಟ್ಟಿಲಿಗೆ ಇಳಿಯಿರಿ.

ಅಂದ ಹಾಗೆ, ಅವನು ಕುಕ್ಕರಗಾಲಲ್ಲಿ ಕೂರುವುದು ಬುದ್ಧಿವಂತಿಕೆಯೇ. ಹಾಗೆ ಕೂತಾಗ ಕರುಳಿನ ಕೊನೆಯ ತಿರುವು ನೇರವಾಗುತ್ತದೆ, ಮುಕ್ಕುವುದು ಸುಲಭ. ದೊಡ್ಡವರ ಕಮೋಡ್ ಮೇಲೆ ಕಾಲು ತೂಗಾಡಿಸಿಕೊಂಡು ಕೂತ ಮಗುವಿಗೆ ಬಲ ಹಾಕಲು ಆಧಾರವೇ ಇರುವುದಿಲ್ಲ, ಬೀಳುವ ಭಯ ಬೇರೆ. ನೆಲಕ್ಕೆ ಪಾದ ತಾಗುವ ಪಾಟಿ ಇರಲಿ. ಕಮೋಡ್ ಆದರೆ ಚಿಕ್ಕ ಸೀಟು, ಕಾಲ ಕೆಳಗೆ ಸ್ಟೂಲು. ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬೇಕು. ಊಟ ತಿಂಡಿ ಆದ ಮೇಲೆ ಕರುಳು ತಾನಾಗಿಯೇ ಚುರುಕಾಗುತ್ತದೆ. ಆಗ ಐದು ನಿಮಿಷ ಕೂತರೆ ಸಾಕು. ಬರಲಿ, ಬಿಡಲಿ, ಕೂತಿದ್ದಕ್ಕೇ ಶಭಾಷ್ ಅನ್ನಿ. ಫ್ಲಶ್ ಶಬ್ದಕ್ಕೆ ಹೆದರುತ್ತಾನಾದರೆ ಅವನು ಹೊರಗೆ ಹೋದ ಮೇಲೆ ಎಳೆಯಿರಿ. ಮೂಗು ಮುಚ್ಚಿಕೊಂಡು ‘ಥೂ, ಗಬ್ಬು’ ಅನ್ನುವುದನ್ನು ಮನೆಮಂದಿಯೆಲ್ಲ ಬಿಡಬೇಕು.

ಇದು ನಿಮ್ಮ ಮನೆಯ ಕಥೆ ಮಾತ್ರ ಅಲ್ಲ. ಪಾಟಿ ಕಲಿಯುವ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಂದು ಮಗು ಹೀಗೆ ಸುಸುಗೆ ಒಪ್ಪಿ ಕಕ್ಕಕ್ಕೆ ಒಪ್ಪದೆ ಕೂರುತ್ತದೆ. ನೀವು ಜಗ್ಗಿದಷ್ಟೂ ಅವನು ಜಗ್ಗುತ್ತಾನೆ, ಎತ್ತು ಏರಿಗೆ, ಕೋಣ ನೀರಿಗೆ. ಈ ಜಗ್ಗಾಟದಲ್ಲಿ ಗೆಲ್ಲುವುದು ಅವನೇ, ಯಾಕೆಂದರೆ ಕರುಳು ಅವನದು.

ಅತ್ತೆಯವರು ಸುಳ್ಳು ಹೇಳುತ್ತಿಲ್ಲ. ಹೊತ್ತು ನೋಡಿ, ಮಗುವಿನ ಮುಖ ನೋಡಿ ಕೂರಿಸಿದರೆ ಒಂದು ವರ್ಷದ ಮಗುವೂ ಮಾಡುತ್ತದೆ. ಅಲ್ಲಿ ಕಲಿತಿರುವುದು ಹೆಚ್ಚಾಗಿ ಅಮ್ಮ! ಮಗು ತಾನೇ ತಡೆದು, ಹೇಳಿ, ಹೋಗುವುದು ಹೆಚ್ಚಿನವರಲ್ಲಿ ಎರಡರಿಂದ ಮೂರೂವರೆ ವರ್ಷದ ನಡುವೆ. ನಿಮ್ಮ ಮಗ ತಡವೇನೂ ಅಲ್ಲ. ಪ್ಲೇ ಸ್ಕೂಲಿನವರಿಗೆ ಇರುವ ವಿಷಯ ನೇರವಾಗಿ ಹೇಳಿ. ಅವರು ಒಪ್ಪದಿದ್ದರೆ ಸೇರಿಸುವ ದಿನ ಮುಂದಕ್ಕೆ ಹೋಗಲಿ. ಅಲ್ಲಿ ಇಡೀ ಬೆಳಗ್ಗೆ ತಡೆದುಕೊಂಡು ಕೂರುವುದಕ್ಕಿಂತ ಅದೇ ವಾಸಿ.

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಹಗಲು ಒಂದು ಹನಿಯೂ ಆಚೀಚೆ ಇಲ್ಲ. ರಾತ್ರಿ ಮಾತ್ರ ಹಾಸಿಗೆ ಒದ್ದೆ. ನಡುರಾತ್ರಿ ಎಬ್ಬಿಸಿ ಕರೆದುಕೊಂಡು ಹೋಗಬೇಕಾ?

ಉತ್ತರ: ಬೇಡ, ಇಬ್ಬರೂ ನಿದ್ದೆ ಮಾಡಿ. ರಾತ್ರಿಯದು ಕಲಿಸಿ ಬರುವ ವಿದ್ಯೆಯಲ್ಲ. ರಾತ್ರಿ ಮೂತ್ರ ಕಡಿಮೆ ಮಾಡುವ ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನು ಸಾಕಷ್ಟು ಬರಬೇಕು, ಮೂತ್ರಕೋಶ ತುಂಬಿದಾಗ ಎಚ್ಚರ ಆಗಬೇಕು. ಎರಡೂ ಬೆಳೆಯುತ್ತಾ ಬರುವಂಥವು. ಐದು ವರ್ಷದವರೆಗೆ ನಾವು ಇದನ್ನು ಕಾಯಿಲೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಐದು ವರ್ಷದಲ್ಲೂ ಸುಮಾರು 15% ಮಕ್ಕಳ ಹಾಸಿಗೆ ಒದ್ದೆಯಾಗುತ್ತದೆ. ನಿಮ್ಮಿಬ್ಬರಲ್ಲಿ ಯಾರು ಚಿಕ್ಕವರಿದ್ದಾಗ ಹೀಗೆ ಮಾಡುತ್ತಿದ್ದಿರಿ ಅಂತ ನಿಮ್ಮ ತಂದೆತಾಯಿಯನ್ನು ಸುಮ್ನೆ ಕೇಳಿ ನೋಡಿ, ಇದು ವಂಶದಲ್ಲಿ ಬರುತ್ತದೆ. ಮಲಗುವ ಮುಂಚೆ ಸುಸು, ಹಾಸಿಗೆ ಕೆಳಗೆ ನೀರಿಳಿಯದ ಶೀಟು. ಅಷ್ಟು ಸಾಕು.

ಪ್ರಶ್ನೆ: ಮೂರು ವರ್ಷದ ದೊಡ್ಡವಳು ಪೂರ್ತಿ ಕಲಿತಿದ್ದಳು. ತಮ್ಮ ಹುಟ್ಟಿದ ಮೇಲೆ ದಿನಕ್ಕೆ ಮೂರು ನಾಲ್ಕು ಚಡ್ಡಿ ಒದ್ದೆ. ಬೇಕಂತಲೇ ಮಾಡುತ್ತಾಳಾ?

ಉತ್ತರ: ಮೊದಲು ಒಂದು ಮೂತ್ರ ಪರೀಕ್ಷೆ ಮಾಡಿಸಿ. ಉರಿ, ಜ್ವರ, ಪದೇ ಪದೇ ಓಟ ಇದ್ದರೆ ಸೋಂಕು ಇರಬಹುದು. ಕಕ್ಕ ಗಟ್ಟಿ ಇದೆಯಾ ಅಂತಲೂ ಗಮನಿಸಿ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತಿದರೂ ಚಡ್ಡಿ ಒದ್ದೆಯಾಗುತ್ತದೆ. ಎರಡೂ ಇಲ್ಲ ಅಂದರೆ, ಡೈಪರ್ ಬದಲಿಸುವಾಗಲೆಲ್ಲ ತಮ್ಮನಿಗೆ ಸಿಗುವ ಅಮ್ಮ ತನಗೂ ಬೇಕು ಅಂತ ಅವಳು ಕೇಳುತ್ತಿದ್ದಾಳೆ, ಅಲ್ವಾ? ಒದ್ದೆಯಾದರೆ ಮಾತಿಲ್ಲದೆ ಬದಲಿಸಿ. ಒಣಗಿದ್ದಾಗ ಹತ್ತು ನಿಮಿಷ, ತಮ್ಮನನ್ನು ಬೇರೆಯವರ ಕೈಗೆ ಕೊಟ್ಟು, ಅವಳೊಬ್ಬಳ ಜೊತೆ ಕೂತುಕೊಳ್ಳಿ.