ದೊಡ್ಡ ಸ್ಪೀಕರ್‌ಗೆ ಎಷ್ಟು ವ್ಯಾಟ್‌ನ ರಿಸೀವರ್ ಬೇಕು?

ಹೋಮ್ ಥಿಯೇಟರ್ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಗೊಂದಲದ ಸುತ್ತ ಇವೆ. ಸ್ಪೀಕರ್ ಹಿಂದೆ ಬರೆದ ವ್ಯಾಟ್ ಒಂದು, ಸ್ಪೀಕರ್‌ಗಳನ್ನು ನಡೆಸುವ ರಿಸೀವರ್‌ನ ಡಬ್ಬದ ಮೇಲಿನ ವ್ಯಾಟ್ ಇನ್ನೊಂದು. ಇವೆರಡನ್ನೂ ಹೊಂದಿಸುವುದು ಹೇಗೆ? ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ಸರ್, ನಮ್ಮ ಟವರ್ ಸ್ಪೀಕರ್‌ಗಳ ಹಿಂದೆ ‘200 ವ್ಯಾಟ್, 6 ಓಮ್, 88 ಡಿಬಿ’ ಎಂದಿದೆ. ಅಂಗಡಿಯವರು ತೋರಿಸಿದ ರಿಸೀವರ್ ಚಾನಲ್‌ಗೆ, ಅಂದರೆ ಒಂದು ಸ್ಪೀಕರ್‌ಗೆ, 80 ವ್ಯಾಟ್‌ನದು. ಕಡಿಮೆ ವ್ಯಾಟ್ ಕೊಟ್ಟರೆ ಸ್ಪೀಕರ್ ಸುಟ್ಟುಹೋಗುತ್ತದೆ ಎಂದು ಸ್ನೇಹಿತರು ಹೆದರಿಸಿದ್ದಾರೆ. ಹಾಲ್ 12x16 ಅಡಿ, ಸೋಫಾ ಹತ್ತು ಅಡಿ ದೂರದಲ್ಲಿದೆ. ಸಬ್‌ವೂಫರ್ ಇದೆ.
(ದಾವಣಗೆರೆಯ ಓದುಗರು)

ಉತ್ತರ: ಧೈರ್ಯವಾಗಿ ಕೊಳ್ಳಿ. 200 ಎಂಬುದು ಆ ಸ್ಪೀಕರ್ ತಾಳಿಕೊಳ್ಳುವ ಮಿತಿ. ಅಷ್ಟು ಕೊಡಲೇಬೇಕು ಎಂದು ಅದರ ಅರ್ಥವಲ್ಲ. ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಅಂಕಿ ಪಕ್ಕದಲ್ಲಿರುವ 88 ಡಿಬಿ (ಡೆಸಿಬೆಲ್, ಸದ್ದಿನ ಅಳತೆ). ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಸಿಗುವ ಸದ್ದು ಅದು. 2.83 ವೋಲ್ಟ್ ಎಂದರೆ 8 ಓಮ್‌ಗೆ (ಓಮ್ ಎಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸರಿಯಾಗಿ 1 ವ್ಯಾಟ್.

ಈಗ ನಿಮ್ಮ ಹಾಲ್‌ನ ಲೆಕ್ಕ. ಹತ್ತು ಅಡಿ ಅಂದರೆ ಮೂರು ಮೀಟರ್. ಬಯಲಿನಲ್ಲಾದರೆ ಅಷ್ಟು ದೂರಕ್ಕೆ ಒಂಬತ್ತೂವರೆ ಡಿಬಿ ಇಳಿಯುತ್ತಿತ್ತು. ಕೋಣೆಯೊಳಗೆ ಗೋಡೆಗಳಿಂದ ಸದ್ದು ವಾಪಸು ಬರುವುದರಿಂದ 7 ಡಿಬಿ ಕಳೆಯಿರಿ, ಸಾಕು. ಸೋಫಾದ ಹತ್ತಿರ 81 ಉಳಿಯಿತು. 8 ಓಮ್‌ಗೆ 80 ವ್ಯಾಟ್ ಕೊಡುವ ರಿಸೀವರ್ ಸುಮಾರು 25 ವೋಲ್ಟ್‌ವರೆಗೆ ಹೋಗುತ್ತದೆ, 2.83 ವೋಲ್ಟ್‌ಗಿಂತ ಅದು 19 ಡಿಬಿ ಮೇಲೆ. ಒಂದೇ ಸ್ಪೀಕರ್‌ನಿಂದ 100 ಡಿಬಿ, ಎರಡೂ ಸೇರಿದರೆ 103. ಮನೆಯಲ್ಲಿ ಸಿನಿಮಾ ನೋಡುವವರ ಸರಾಸರಿ ಸದ್ದು 70ರಿಂದ 75 ಡಿಬಿ. ಗುಂಡಿನ ಸದ್ದು, ಸ್ಫೋಟ ಅದಕ್ಕಿಂತ 20 ಡಿಬಿ ಮೇಲೆ ಹೋದರೂ 95. ಇನ್ನೂ ಕೈಯಲ್ಲಿ ಮಿಗುತ್ತದೆ.

ಥಿಯೇಟರ್‌ನ ರೆಫರೆನ್ಸ್ ಮಟ್ಟವೇ ಬೇಕು, ಅಂದರೆ ಪ್ರತಿ ಚಾನಲ್‌ನಿಂದ 105 ಡಿಬಿ ಪೀಕ್ ಬೇಕು ಎಂದರೆ ಮಾತ್ರ ಲೆಕ್ಕ ಬದಲಾಗುತ್ತದೆ. 5 ಡಿಬಿ ಜಾಸ್ತಿ ಎಂದರೆ ಮೂರು ಪಟ್ಟಿಗಿಂತ ಹೆಚ್ಚು ವ್ಯಾಟ್, ಸುಮಾರು 250. ಆ ಮಟ್ಟದಲ್ಲಿ ಎರಡೂವರೆ ಗಂಟೆ ಕೂರುವವರು ಕಡಿಮೆ, ಕೂತರೆ ಪಕ್ಕದ ಮನೆಯವರು ಸುಮ್ಮನಿರುವುದಿಲ್ಲ. 80 ವ್ಯಾಟ್‌ನ ಬದಲು 100 ವ್ಯಾಟ್‌ನದು ಕೊಂಡರೆ ಸಿಗುವುದು ಬರೀ 1 ಡಿಬಿ. ಅದಕ್ಕಾಗಿ ಹೆಚ್ಚು ಹಣ ಸುರಿಯಬೇಡಿ.

ನಿಮ್ಮ ಸ್ನೇಹಿತರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಡಿಮೆ ವ್ಯಾಟ್‌ನಿಂದ ಯಾವ ಸ್ಪೀಕರೂ ಸುಡುವುದಿಲ್ಲ. ಚಿಕ್ಕ ಆಂಪ್ಲಿಫಯರನ್ನು ಅದರ ಮಿತಿ ಮೀರಿ ಹಿಂಡಿದಾಗ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಇದನ್ನೇ ಕ್ಲಿಪಿಂಗ್ ಎನ್ನುವುದು. ಆಗ ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಮೂಲದಲ್ಲಿಲ್ಲದ ಶಕ್ತಿ ಹುಟ್ಟಿಕೊಂಡು ನೇರವಾಗಿ ಟ್ವೀಟರ್‌ಗೆ (ತಾರಕ ಸದ್ದಿನ ಚಿಕ್ಕ ಸ್ಪೀಕರ್) ಹೋಗುತ್ತದೆ. ಕೆಲವೇ ವ್ಯಾಟ್ ತಾಳುವ ಅದರ ಕಾಯಿಲ್ ಸುಡುತ್ತದೆ. ಮಾತು ಕೀರಲಾಗಿ, ತಾಳ-ಜಾಲರದ ಸದ್ದು ಒಡಕಾಗಿ ಕೇಳತೊಡಗಿತೆಂದರೆ ವಾಲ್ಯೂಮ್ ಇಳಿಸಿ.

ಆ 80 ವ್ಯಾಟನ್ನು ಹೇಗೆ ಅಳೆದಿದ್ದಾರೆ ಎಂಬುದನ್ನು ಮಾತ್ರ ಖಾತ್ರಿ ಮಾಡಿಕೊಳ್ಳಿ. ‘8 ಓಮ್, 20 ಹರ್ಟ್ಝ್‌ನಿಂದ 20 ಕಿಲೋಹರ್ಟ್ಝ್, 0.08% ಡಿಸ್ಟಾರ್ಷನ್ (ಸದ್ದು ಕೆಡುವ ಪ್ರಮಾಣ), ಎರಡು ಚಾನಲ್’ ಎಂದಿದ್ದರೆ ಅದು ನಂಬಬಹುದಾದ ಅಂಕಿ. ‘6 ಓಮ್, 1 ಕಿಲೋಹರ್ಟ್ಝ್, 10%, ಒಂದು ಚಾನಲ್’ ಎಂದಿದ್ದರೆ ನಿಜವಾದ ಶಕ್ತಿ ಸರಿಸುಮಾರು ಅರ್ಧ. ಅಮೆರಿಕದಲ್ಲಿ 1974ರಿಂದಲೂ ಆಂಪ್ಲಿಫಯರ್‌ನ ವ್ಯಾಟ್ ಹೇಗೆ ಪ್ರಕಟಿಸಬೇಕೆಂಬ ನಿಯಮವಿದೆ. ಹಾಗಾಗಿ ಅದೇ ಮಾಡೆಲ್‌ನ ಅಮೆರಿಕದ ಸ್ಪೆಸಿಫಿಕೇಶನ್ ಹಾಳೆಯನ್ನು ಹುಡುಕಿ ನೋಡುವುದು ಒಳ್ಳೆಯ ಉಪಾಯ.

ಪ್ರಶ್ನೆ: ನನ್ನ ಸ್ಪೀಕರ್ 4 ಓಮ್‌ನದು, ರಿಸೀವರ್ ಹಿಂದೆ 6ರಿಂದ 16 ಓಮ್ ಎಂದು ಅಚ್ಚು ಹಾಕಿದ್ದಾರೆ. ಮೆನುವಿನಲ್ಲಿ ಇಂಪೀಡೆನ್ಸ್ (ಓಮ್) ಬದಲಾಯಿಸುವ ಆಯ್ಕೆಯೂ ಇದೆ. ಅದನ್ನು ಬದಲಾಯಿಸಿದರೆ ಸರಿಹೋಗುತ್ತದೆಯೇ?
(ಹುಬ್ಬಳ್ಳಿಯ ಓದುಗರು)

ಉತ್ತರ: ಸರಿಹೋಗುವುದು ಕಾಗದದ ಮೇಲೆ. ಆ ಸೆಟ್ಟಿಂಗ್ ಆಂಪ್ಲಿಫಯರ್‌ಗೆ ಹೊಸ ತ್ರಾಣವನ್ನೇನೂ ತುಂಬುವುದಿಲ್ಲ. ಬಹಳಷ್ಟು ರಿಸೀವರ್‌ಗಳಲ್ಲಿ ಅದು ಒಳಗಿನ ವೋಲ್ಟೇಜನ್ನೋ ಔಟ್‌ಪುಟ್‌ನ ಮಿತಿಯನ್ನೋ ಇಳಿಸಿ, ಬಿಸಿ ಏರದಂತೆ ತಡೆಯುತ್ತದೆ. ಬಿಸಿ ತಗ್ಗುತ್ತದೆ, ಅದರ ಜೊತೆಗೆ ನಿಮಗೆ ಬೇಕಾದ ಶಕ್ತಿಯೂ ತಗ್ಗುತ್ತದೆ, ಕ್ಲಿಪಿಂಗ್ ಬೇಗ ಶುರುವಾಗುತ್ತದೆ.

ತೊಂದರೆಯ ಮೂಲ ಕರೆಂಟಿನಲ್ಲಿದೆ. 20 ವೋಲ್ಟ್‌ಗೆ 8 ಓಮ್‌ನ ಸ್ಪೀಕರ್ ಎರಡೂವರೆ ಆಂಪಿಯರ್ ಎಳೆಯುತ್ತದೆ, 4 ಓಮ್‌ನದು ಐದು. ಟ್ರಾನ್ಸಿಸ್ಟರ್‌ಗಳಲ್ಲಿ ಹುಟ್ಟುವ ಬಿಸಿಯೂ ಹೆಚ್ಚುಕಡಿಮೆ ಎರಡು ಪಟ್ಟು. ಸಾಲದ್ದಕ್ಕೆ 4 ಓಮ್ ಎಂಬುದು ನಾಮಮಾತ್ರದ ಬೆಲೆ. ಐಇಸಿಯ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆ) 60268-5 ಮಾನದಂಡದ ಪ್ರಕಾರ ಅದು ಯಾವುದಾದರೂ ಫ್ರೀಕ್ವೆನ್ಸಿಯಲ್ಲಿ 80 ಪರ್ಸೆಂಟ್‌ವರೆಗೆ, ಅಂದರೆ 3.2 ಓಮ್‌ವರೆಗೆ ಇಳಿಯಬಹುದು. ಇನ್ನೂ ಕೆಳಗಿಳಿಯುವ ಸ್ಪೀಕರ್‌ಗಳೂ ಇವೆ. ಕೊಳ್ಳುವಾಗ ‘ಮಿನಿಮಮ್ ಇಂಪೀಡೆನ್ಸ್’ ಎಷ್ಟೆಂದು ಕೇಳಿ.

4 ಓಮ್‌ನ ಸ್ಪೀಕರ್‌ಗೆ 90 ಡಿಬಿ ಎಂದು ಬರೆದಿದ್ದರೆ ಅದನ್ನೂ ಹಾಗೇ ನಂಬಬೇಡಿ. 2.83 ವೋಲ್ಟ್ ಅಲ್ಲಿ 2 ವ್ಯಾಟ್ ಆಗುತ್ತದೆ. ಒಂದು ವ್ಯಾಟ್‌ಗೆ ಸಿಗುವುದು 87 ಮಾತ್ರ.

ರಿಸೀವರ್ ಈಗಾಗಲೇ ಮನೆಯಲ್ಲಿದ್ದರೆ ಹೀಗೆ ಮಾಡಿ. ಸ್ಪೀಕರ್ ಸೆಟಪ್‌ಗೆ ಹೋಗಿ ಆ ಜೋಡಿಯನ್ನು ‘ಸ್ಮಾಲ್’ ಮಾಡಿ, ಕ್ರಾಸ್‌ಓವರನ್ನು (ಅದಕ್ಕಿಂತ ಕೆಳಗಿನ ಬಾಸ್ ಸಬ್‌ವೂಫರ್‌ಗೆ ತಿರುಗುವ ಗಡಿ) 80 ಅಥವಾ 90 ಹರ್ಟ್ಝ್‌ಗೆ ಇಡಿ. ಟವರ್ ಎಷ್ಟೇ ಎತ್ತರ ಇದ್ದರೂ ‘ಸ್ಮಾಲ್’ ಎನ್ನಲು ಸಂಕೋಚ ಬೇಡ. ಹೆಚ್ಚು ಕರೆಂಟ್ ನುಂಗುವ ಬಾಸ್ ತನ್ನದೇ ಆಂಪ್ ಇರುವ ಸಬ್‌ವೂಫರ್ ಪಾಲಾಗುತ್ತದೆ. ಮೈಕ್ ಇಟ್ಟು ರಿಸೀವರ್ ತಾನೇ ಮಾಡಿಕೊಳ್ಳುವ ಆಟೋ ಕ್ಯಾಲಿಬ್ರೇಷನ್ ಎಷ್ಟೋ ಸಲ ಟವರ್‌ಗಳನ್ನು ‘ಲಾರ್ಜ್’ ಎಂದು ಗುರುತಿಸಿಬಿಡುತ್ತದೆ, ಅದು ಮುಗಿದ ಮೇಲೆ ಕೈಯಾರೆ ಬದಲಾಯಿಸಿ. ಮಧ್ಯಮ ವಾಲ್ಯೂಮ್‌ನಲ್ಲಿ ಹೀಗೆ ಕೆಲಸ ನಡೆಯುತ್ತದೆ. ಆದರೆ ಕೈಪಿಡಿಯ ಮಿತಿಗಿಂತ ಕೆಳಗಿನ ಓಮ್ ಜೋಡಿಸಿದ್ದೀರಿ ಎಂಬ ಕಾರಣಕ್ಕೆ ವಾರಂಟಿ ತಕರಾರು ಬರಬಹುದು. ಹೊಸದಾಗಿ ಕೊಳ್ಳುವವರು ‘4ರಿಂದ 16 ಓಮ್’ ಎಂದಿರುವುದನ್ನೇ ಆರಿಸಿಕೊಳ್ಳಲಿ.

ಪ್ರಶ್ನೆ: ಸಿನಿಮಾ ಶುರುವಾಗಿ ಮುಕ್ಕಾಲು ಗಂಟೆಗೆ ರಿಸೀವರ್ ತಾನಾಗಿ ಆಫ್ ಆಗಿ ಕೆಂಪು ದೀಪ ಮಿಣುಕುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಆನ್ ಆಗುತ್ತದೆ. ಆಂಪ್ ಹೋಗಿದೆಯೇ?
(ಶಿವಮೊಗ್ಗದ ಓದುಗರು)

ಉತ್ತರ: ಸದ್ಯಕ್ಕೆ ಹೋಗಿಲ್ಲ, ಹೋಗಬಾರದೆಂದೇ ತನ್ನನ್ನು ತಾನು ನಿಲ್ಲಿಸಿಕೊಳ್ಳುತ್ತಿದೆ. ಇದು ಪ್ರೊಟೆಕ್ಷನ್. ಮುಕ್ಕಾಲು ಗಂಟೆಯ ನಂತರ ಬರುವುದರಿಂದ ಬಿಸಿಯ ಮೇಲೆ ಮೊದಲ ಅನುಮಾನ. ಆನ್ ಮಾಡಿದ ತಕ್ಷಣ ಅಥವಾ ವಾಲ್ಯೂಮ್ ಏರಿಸಿದ ಕೂಡಲೇ ಬಂದರೆ ಶಾರ್ಟ್ ಇರುವ ಸಂಭವ ಹೆಚ್ಚು.

ಮೊದಲು ರಿಸೀವರ್ ಇಟ್ಟ ಜಾಗ ನೋಡಿ. ಗಾಜಿನ ಬಾಗಿಲಿನ ಟಿವಿ ಶೋಕೇಸ್, ರಿಸೀವರ್ ತಲೆಯ ಮೇಲೆ ಸೆಟ್‌ಟಾಪ್ ಬಾಕ್ಸ್, ಧೂಳು ಕೂರಬಾರದೆಂದು ಹೊದಿಸಿದ ಕಸೂತಿ ಬಟ್ಟೆ: ಇವುಗಳಲ್ಲಿ ಒಂದಿದ್ದರೂ ಕಾರಣ ಸಿಕ್ಕಂತೆಯೇ. ಮೇಲೆ 15 ಸೆಂಟಿಮೀಟರ್, ಪಕ್ಕಗಳಲ್ಲಿ 10 ಸೆಂಟಿಮೀಟರ್ ಖಾಲಿ ಬಿಡಿ. ಶೋಕೇಸ್‌ನ ಹಿಂದಿನ ಪ್ಲೈವುಡ್ ಕೊಯ್ಸಿ 120 ಮಿಲಿಮೀಟರ್‌ನ ಫ್ಯಾನ್ ಒಂದನ್ನು ಬಿಸಿಗಾಳಿ ಹೊರಹೋಗುವಂತೆ ಕೂರಿಸಿದರೆ ಇನ್ನೂ ಒಳ್ಳೆಯದು.

ಅದರಿಂದಲೂ ನಿಲ್ಲದಿದ್ದರೆ ಪ್ಲಗ್ ಕಿತ್ತು, ಎಲ್ಲ ಸ್ಪೀಕರ್ ವೈರ್‌ಗಳನ್ನೂ ರಿಸೀವರ್‌ನಿಂದ ಬಿಚ್ಚಿ. ಬಿಚ್ಚುವಾಗಲೇ ಗಮನಿಸಿ: ವೈರ್‌ನ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೋ ಹಿಂದಿನ ತಗಡಿಗೋ ತಾಗಿದ್ದರೂ ಸಾಕು. ಸ್ಪೀಕರ್ ಇಲ್ಲದೆಯೂ ಆಫ್ ಆಗುತ್ತಿದ್ದರೆ ದೋಷ ಒಳಗಿದೆ, ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಆಗದಿದ್ದರೆ ಬಿಚ್ಚಿದ ವೈರ್‌ಗಳ ತುದಿಗೆ ಮಲ್ಟಿಮೀಟರ್ ಹಿಡಿದು ಓಮ್ ಅಳೆಯಿರಿ. 8 ಓಮ್‌ನ ಸ್ಪೀಕರ್ ಸಾಮಾನ್ಯವಾಗಿ ಐದೂವರೆಯಿಂದ ಏಳರ ನಡುವೆ ತೋರಿಸುತ್ತದೆ, 4 ಓಮ್‌ನದು ಮೂರರಿಂದ ಮೂರೂವರೆ. ಒಂದಕ್ಕಿಂತ ಕೆಳಗೆ ಬಂದರೆ ಅಲ್ಲೇ ಶಾರ್ಟ್, ಪೈಪಿನೊಳಗೆ ವೈರ್ ಸಿಪ್ಪೆ ಸುಲಿದಿರಲೂಬಹುದು. ಎಲ್ಲವೂ ಸರಿಯಿದ್ದರೆ ಒಂದೊಂದೇ ಸ್ಪೀಕರ್ ಜೋಡಿಸಿ ಓಡಿಸಿ ನೋಡಿ. ಒಂದೇ ಚಾನಲ್‌ಗೆ ಎರಡು ಸ್ಪೀಕರ್ ಪ್ಯಾರಲಲ್ ಕೊಟ್ಟಿದ್ದೀರಾ? ಎರಡು 6 ಓಮ್ ಸೇರಿದರೆ 3 ಓಮ್. ಹಾಗಿದ್ದರೆ ಒಂದನ್ನು ತೆಗೆದುಬಿಡಿ.

ಪ್ರಶ್ನೆ: ರಿಸೀವರ್‌ನ ಶಕ್ತಿ ಸಾಲದಾದರೆ ಹೊರಗಿನಿಂದ ಪವರ್ ಆಂಪ್ ಹಾಕಬಹುದು ಎನ್ನುತ್ತಾರೆ. ಶಾಮಿಯಾನದವರು ಬಳಸುವ ಆಂಪ್ಲಿಫಯರ್ ಕಡಿಮೆ ಬೆಲೆಗೆ ಸಿಗುತ್ತದೆ. ಆಗುತ್ತದೆಯೇ?
(ತುಮಕೂರಿನ ಓದುಗರು)

ಉತ್ತರ: ಮೊದಲು ನಿಮ್ಮ ರಿಸೀವರ್‌ನಲ್ಲಿ ಪ್ರೀ-ಔಟ್ (ಹೊರಗಿನ ಆಂಪ್‌ಗೆ ಸಿಗ್ನಲ್ ಕೊಡುವ ಸಾಕೆಟ್) ಇದೆಯೇ ನೋಡಿ. ಸಬ್‌ವೂಫರ್‌ನದೊಂದನ್ನು ಬಿಟ್ಟು ಬೇರೆ ಪ್ರೀ-ಔಟ್ ಇಲ್ಲದಿದ್ದರೆ ಈ ದಾರಿ ಮುಚ್ಚಿದಂತೆಯೇ. ಕೆಲವು ಮಾಡೆಲ್‌ಗಳಲ್ಲಿ ಮುಂದಿನ ಎರಡು ಚಾನಲ್‌ಗಳಿಗೆ ಮಾತ್ರ ಇರುತ್ತದೆ. ಡೆನನ್ ಎವಿಆರ್-ಎಕ್ಸ್3800ಎಚ್ ತರಹದ್ದರಲ್ಲಿ ಎಲ್ಲ ಚಾನಲ್‌ಗಳಿಗೂ ಇದೆ. ಒಳಗೆ 105 ವ್ಯಾಟ್‌ನ ಒಂಬತ್ತು ಆಂಪ್ ಇದ್ದರೂ ಬೇಕಾದ ಚಾನಲನ್ನು ಹೊರಗೆ ಒಯ್ಯಬಹುದು.

ಹೊರಗಿನ ಆಂಪ್‌ಗೆ ಒಯ್ಯಬೇಕಾದ್ದು ಎಡ, ಬಲ ಮತ್ತು ಸೆಂಟರ್. ಸಿನಿಮಾದ ಮಾತೆಲ್ಲ ಬರುವುದು ಸೆಂಟರ್‌ನಿಂದ. ಅದನ್ನು ಬಿಟ್ಟು ಎಡ-ಬಲಕ್ಕೆ ಮಾತ್ರ ದೊಡ್ಡ ಆಂಪ್ ಹಾಕುವವರೇ ಹೆಚ್ಚು. ಈ ಮೂರರ ಹೊರೆ ಇಳಿದರೆ ರಿಸೀವರ್‌ನ ಟ್ರಾನ್ಸ್‌ಫಾರ್ಮರ್ ಸರೌಂಡ್‌ಗಳನ್ನು (ಪಕ್ಕದ, ಹಿಂದಿನ ಸ್ಪೀಕರ್‌ಗಳು) ನಿರಾಯಾಸವಾಗಿ ನಡೆಸುತ್ತದೆ. ‘ಏಳು ಚಾನಲ್, ತಲಾ ನೂರು ವ್ಯಾಟ್’ ಎನ್ನುವ ಮಧ್ಯಮ ಬೆಲೆಯ ರಿಸೀವರ್ ಏಳಕ್ಕೂ ಒಟ್ಟಿಗೆ ನೂರು ಕೊಡಲಾರದು, ಒಳಗಿರುವುದು ಎಲ್ಲಕ್ಕೂ ಸೇರಿ ಒಂದೇ ಟ್ರಾನ್ಸ್‌ಫಾರ್ಮರ್.

ಇನ್ನು ಶಾಮಿಯಾನದ ಆಂಪ್. ಅದರಲ್ಲಿ ಎರಡು ಜಾತಿ. ಹಾರ್ನ್‌ಗಳಿಗಾಗಿ 70 ವೋಲ್ಟ್, 100 ವೋಲ್ಟ್ ಲೈನ್ ಇರುವ ಪಿಎ (ಧ್ವನಿವರ್ಧಕದ) ಆಂಪ್ಲಿಫಯರ್ ಬೇಡ. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಭಾಷಣಕ್ಕೆ ಮಾಡಿದ್ದು, ಬಾಸ್ ಸರಿಯಾಗಿ ಬರುವುದಿಲ್ಲ. ಡಿಜೆಗಳು ಬಳಸುವ ಎರಡು ಚಾನಲ್‌ನ, 4 ಮತ್ತು 8 ಓಮ್‌ಗೆ ನೇರವಾಗಿ ಕೊಡುವ ಪವರ್ ಆಂಪ್ ನಡೆಯುತ್ತದೆ. ಎರಡು ಕಿರಿಕಿರಿಗಳಿಗೆ ಸಿದ್ಧರಾಗಿ: ಫ್ಯಾನ್ ಸದ್ದು, ಮತ್ತು ಸೆನ್ಸಿಟಿವಿಟಿ (ಹಿಂದೆ ಬರೆದ ಡಿಬಿ) ಹೆಚ್ಚಿರುವ ಸ್ಪೀಕರ್‌ನಲ್ಲಿ ಸುಯ್ಯೆನ್ನುವ ಹಿಸ್. ಇನ್‌ಪುಟ್ ಸೆನ್ಸಿಟಿವಿಟಿ (ಪೂರ್ಣ ಶಕ್ತಿಗೆ ಬೇಕಾದ ಸಿಗ್ನಲ್) 1 ವೋಲ್ಟ್ ಆಸುಪಾಸು ಇರುವುದನ್ನು ಆರಿಸಿ, ರಿಸೀವರ್‌ನ ಪ್ರೀ-ಔಟ್ ಅಷ್ಟನ್ನು ಸುಲಭವಾಗಿ ಕೊಡುತ್ತದೆ. ಎಕ್ಸ್‌ಎಲ್‌ಆರ್ (ಮೂರು ಪಿನ್‌ನ) ಇನ್‌ಪುಟ್ ಮಾತ್ರ ಇದ್ದರೆ ರಿಸೀವರ್ ಕಡೆಯ ಆರ್‌ಸಿಎ ಪ್ಲಗ್‌ನ ನಡುಕಡ್ಡಿಯನ್ನು 2ನೇ ಪಿನ್‌ಗೆ, ಶೀಲ್ಡನ್ನು 1 ಮತ್ತು 3ನೇ ಪಿನ್‌ಗೆ ಬೆಸೆದ ಕೇಬಲ್ ಮಾಡಿಸಿ.

ಜೋಡಿಸಿದ ಮೇಲೆ ಮೈಕ್ ಇಟ್ಟು ಕ್ಯಾಲಿಬ್ರೇಷನ್ ಮತ್ತೆ ಮಾಡಲೇಬೇಕು. ಆ ಚಾನಲ್‌ಗಳ ಲೆವೆಲ್ ಇಳಿಯುವ ಕೊನೆಯ ಮಿತಿಯಾದ -12 ಡಿಬಿಗೆ ಹೋಗಿ ನಿಂತಿದ್ದರೆ ಆಂಪ್‌ನ ಗೇನ್ ತಿರುಗಣೆ ಇಳಿಸಿ, ಇನ್ನೊಮ್ಮೆ ಓಡಿಸಿ. ಆನ್ ಮಾಡುವಾಗ ರಿಸೀವರ್ ಮೊದಲು, ಆಂಪ್ ಆಮೇಲೆ. ಆಫ್ ಮಾಡುವಾಗ ಆಂಪ್ ಮೊದಲು. ಇಲ್ಲದಿದ್ದರೆ ಸ್ಪೀಕರ್‌ನಲ್ಲಿ ಧಡ್ ಎನ್ನುವ ಸದ್ದು ಖಂಡಿತ. ಆಂಪ್ ಸೇರಿಸಿದ ಮೇಲೆ ಗುಂಯ್ ಎನ್ನುವ ಹಮ್ ಶುರುವಾದರೆ ಡಿಟಿಎಚ್‌ನ ಡಿಶ್ ಕೇಬಲ್ ಒಮ್ಮೆ ಕಿತ್ತು ನೋಡಿ. ಅದರೊಂದಿಗೆ ಹಮ್ ನಿಂತರೆ ಗ್ರೌಂಡ್ ಲೂಪ್ (ಎರಡು ಕಡೆ ಅರ್ಥ್ ಸಿಕ್ಕಿ ಆಗುವ ಸುತ್ತು). ಹಮ್ ನಿಲ್ಲಿಸಲೆಂದು ಮೂರು ಪಿನ್ ಪ್ಲಗ್‌ನ ಅರ್ಥ್ ಪಿನ್ ಮುರಿಯುವ ಪದ್ಧತಿ ಇದೆ. ಶಾಕ್ ಹೊಡೆಯುವ ಕೆಲಸ, ಮಾಡಬೇಡಿ.

ಪ್ರಶ್ನೆ: ಒಂದೇ ರಿಸೀವರ್‌ನ ಎರಡೆರಡು ಚಾನಲ್ ಕೊಟ್ಟು ಬೈ-ಆಂಪ್ (ಒಂದೇ ಸ್ಪೀಕರ್‌ನ ಬಾಸ್ ಮತ್ತು ಟ್ವೀಟರ್ ಭಾಗಗಳಿಗೆ ಬೇರೆ ಬೇರೆ ಆಂಪ್) ಮಾಡಿದರೆ ಶಕ್ತಿ ಎರಡರಷ್ಟಾಗುತ್ತದೆಯೇ?
(ಮಂಗಳೂರಿನ ಓದುಗರು)

ಉತ್ತರ: ಇಲ್ಲ. ಪವರ್ ಸಪ್ಲೈ ಅದೇ, ವೋಲ್ಟೇಜ್‌ನ ಮಿತಿಯೂ ಅದೇ. ಮಾಡಿಯೇ ತೀರುತ್ತೀರಾದರೆ ಸ್ಪೀಕರ್ ಹಿಂದೆ ಎರಡು ಜೊತೆ ಟರ್ಮಿನಲ್‌ಗಳನ್ನು ಸೇರಿಸುವ ಹಿತ್ತಾಳೆ ಪಟ್ಟಿಗಳನ್ನು ಮರೆಯದೆ ತೆಗೆಯಿರಿ. ಬಿಟ್ಟರೆ ಎರಡು ಆಂಪ್‌ಗಳು ಒಂದರ ಔಟ್‌ಪುಟ್ ಇನ್ನೊಂದಕ್ಕೆ ಕೊಟ್ಟು ಕೆಟ್ಟುಹೋಗುತ್ತವೆ.

ಪ್ರಶ್ನೆ: 4 ಓಮ್‌ನ ಸ್ಪೀಕರ್‌ಗೆ 10 ಮೀಟರ್ ವೈರ್ ಎಳೆಯಬೇಕು. ಎಲೆಕ್ಟ್ರಿಷಿಯನ್ 1 ಸ್ಕ್ವೇರ್ ಎಂಎಂ ಸಾಕು ಎನ್ನುತ್ತಿದ್ದಾರೆ.
(ಮೈಸೂರಿನ ಓದುಗರು)

ಉತ್ತರ: ಸಾಲದು. ಹೋಗಿ ಬರುವ ದಾರಿ ಸೇರಿ 20 ಮೀಟರ್. 1 ಸ್ಕ್ವೇರ್ ಎಂಎಂ ತಾಮ್ರದಲ್ಲಿ ಅದು ಸುಮಾರು 0.39 ಓಮ್, ಅಂದರೆ ಸ್ಪೀಕರ್‌ನ ಹತ್ತನೇ ಒಂದು ಭಾಗ. ಒಂದೂವರೆಯಲ್ಲಿ 0.27, ಎರಡೂವರೆಯಲ್ಲಿ 0.16. ಐದು ಪರ್ಸೆಂಟ್ ಒಳಗಿರಲಿ ಎಂಬುದು ರೂಢಿ, ಹಾಗಾಗಿ 2.5 ಸ್ಕ್ವೇರ್ ಎಂಎಂ ಹಾಕಿಸಿ. 230 ವೋಲ್ಟ್ ವೈರ್ ಇರುವ ಪೈಪಿನೊಳಗೆ ಇದನ್ನು ತೂರಿಸಬಾರದು. ಅಗ್ಗದ ವೈರ್ ಎಷ್ಟೋ ಸಲ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅಂಗಡಿಗೇ ವಾಪಸು ಕೊಡಿ.

ಪ್ರಶ್ನೆ: ನಮ್ಮೂರಲ್ಲಿ ಸಂಜೆ ವೋಲ್ಟೇಜ್ 190ಕ್ಕೆ ಇಳಿಯುತ್ತದೆ. ಸ್ಟೆಬಿಲೈಜರ್ ಬೇಕೇ? ಇನ್ವರ್ಟರ್ ಮೇಲೆ ನಡೆಸಬಹುದೇ?
(ಅರಸೀಕೆರೆ ತಾಲ್ಲೂಕಿನ ಓದುಗರು)

ಉತ್ತರ: ಮಾಮೂಲಿ ಟ್ರಾನ್ಸ್‌ಫಾರ್ಮರ್ ಇರುವ ರಿಸೀವರ್‌ನಲ್ಲಿ ಔಟ್‌ಪುಟ್ ಶಕ್ತಿ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ಕ್ಕೆ 100 ವ್ಯಾಟ್ ಕೊಡುವುದು 190ಕ್ಕೆ 68 ವ್ಯಾಟ್. ಕೇಳಲು ಭಯ, ಕಿವಿಗೆ ಮಾತ್ರ ಎರಡು ಡಿಬಿಯೂ ಇಲ್ಲದ ವ್ಯತ್ಯಾಸ. ಸಂಜೆ ಹೊತ್ತು ವಾಲ್ಯೂಮ್ ಎರಡು-ಮೂರು ಅಂಕಿ ಕೆಳಗಿಟ್ಟರೆ ಕ್ಲಿಪಿಂಗ್ ಬರುವುದಿಲ್ಲ. ಸ್ಟೆಬಿಲೈಜರ್ ಬೇಕಾಗುವುದು ಇಳಿಯುವುದಕ್ಕಿಂತ ಏರುವುದಕ್ಕೆ. ರಾತ್ರಿ ಪಂಪ್‌ಸೆಟ್‌ಗಳು ನಿಂತ ಮೇಲೆ ಪ್ಲಗ್ ಪಾಯಿಂಟ್‌ನಲ್ಲಿ ವೋಲ್ಟೇಜ್ ಅಳೆದು ನೋಡಿ; 250 ದಾಟುತ್ತಿದ್ದರೆ ಹೈ-ಕಟ್ (ವೋಲ್ಟೇಜ್ ಮಿತಿ ಮೀರಿದರೆ ಕರೆಂಟ್ ಕಡಿಯುವ ಸೌಲಭ್ಯ) ಇರುವ, ಕನಿಷ್ಠ 1 ಕೆವಿಎ ಸ್ಟೆಬಿಲೈಜರ್ ಹಾಕಿ. ಟಿವಿಗೆಂದು ಕೊಂಡ ಚಿಕ್ಕದನ್ನೇ ಇದಕ್ಕೂ ಕೊಡಬೇಡಿ. ಇನ್ವರ್ಟರ್ ಸೈನ್ ವೇವ್‌ನದಾದರೆ ಕಡಿಮೆ ವಾಲ್ಯೂಮ್‌ನಲ್ಲಿ ನಡೆಸಬಹುದು. ಸ್ಕ್ವೇರ್ ವೇವ್‌ನದಾದರೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಕರೆಂಟ್ ಬರುವವರೆಗೆ ಟಿವಿಯ ಸ್ಪೀಕರ್‌ನಲ್ಲೇ ಕೇಳಿ.